ನೋಂದಣಿ ಡೆಲವೇರ್‌ನಲ್ಲಿ, ಕೆಲಸ ಫ್ರೀಮಾಂಟ್‌ನಲ್ಲಿ: ಎಲ್‌ಎಲ್‌ಸಿ ಮಾಲೀಕರ ರಾಜ್ಯ ತೆರಿಗೆ

ಓದುಗರ ಪ್ರಶ್ನೆ: ನಮಸ್ಕಾರ. ನಾನು, ನನ್ನ ಯಜಮಾನರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸ್ವಂತ ಮನೆಯಲ್ಲಿದ್ದೇವೆ. ಅವರದು ಎಚ್‑1ಬಿ ಕೆಲಸದ ವೀಸಾ, ಸಂಬಳ ಸುಮಾರು 2,30,000 ಡಾಲರ್. ನನಗೆ ಎಚ್‑4 ಇಎಡಿ, ಅಂದರೆ ಅವರ ಅವಲಂಬಿತಳಾಗಿ ಇಲ್ಲಿ ಕೆಲಸ ಮಾಡುವ ಅನುಮತಿ ಇದೆ. 2024ರ ಮಾರ್ಚ್‌ನಲ್ಲಿ ಆನ್‌ಲೈನ್ ಸೇವೆಯೊಂದರ ಮೂಲಕ ಡೆಲವೇರ್‌ನಲ್ಲಿ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ) ಮಾಡಿಸಿ ಡೇಟಾ ಅನಾಲಿಟಿಕ್ಸ್ ಕನ್ಸಲ್ಟಿಂಗ್ ಶುರು ಮಾಡಿದೆ. ನಾನೊಬ್ಬಳೇ ಮಾಲೀಕಳು. 2025ರಲ್ಲಿ ಒಟ್ಟು 2,62,000 ಡಾಲರ್ ಬಂತು: ಸ್ಯಾನ್ ಹೋಸೆ ಕಂಪನಿಯಿಂದ 1,60,000, ಡಲ್ಲಾಸ್‌ನಿಂದ 62,000, ನ್ಯೂಯಾರ್ಕ್‌ನಿಂದ 40,000. ಮೈಸೂರಿನ ಇಬ್ಬರು ಅನಲಿಸ್ಟ್‌ಗಳಿಗೆ ಕೊಟ್ಟದ್ದು, ಇತರ ಖರ್ಚು ಎಲ್ಲ ಕಳೆದು 1,50,000 ಉಳಿದಿದೆ. ಲಾಭವನ್ನೆಲ್ಲ ನಮ್ಮ ಜಂಟಿ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿದ್ದೇವೆ. ಆದರೂ ಈಗ ಕ್ಯಾಲಿಫೋರ್ನಿಯಾದ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್‌ನಿಂದ "ಎಲ್‌ಎಲ್‌ಸಿಯ ರಿಟರ್ನ್ ಸಲ್ಲಿಸಿ" ಅಂತ ನೋಟಿಸ್ ಬಂದಿದೆ. ಡೆಲವೇರ್ ಕಂಪನಿಗೆ ಇಲ್ಲಿ ಯಾಕೆ ತೆರಿಗೆ? ಎಸ್‑ಕಾರ್ಪ್ ಮಾಡಿದರೆ ತುಂಬಾ ಉಳಿಯುತ್ತೆ ಅಂತ ಸ್ನೇಹಿತರು ಹೇಳುತ್ತಾರೆ. ಪಿಟಿಇ ತೆರಿಗೆ ಅಂತ ಇನ್ನೊಂದಿದೆಯಂತೆ. ಮೈಸೂರಿನಲ್ಲಿರುವ ಅಪ್ಪನ ಹೆಸರಿಗೆ ಶೇ 5 ಪಾಲು ಕೊಡುವ ಆಸೆಯೂ ಇದೆ. ಮುಂದಿನ ವರ್ಷ ಟೆಕ್ಸಸ್‌ಗೆ ಹೋಗುವ ಯೋಚನೆಯಿದೆ. ಹೋದರೆ ಇದೆಲ್ಲ ತಪ್ಪುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಐದು ಪ್ರಶ್ನೆಗಳಿವೆ. ಆದರೆ ಗಡುವು ಇರುವುದು ನೋಟಿಸ್‌ಗೆ ಮಾತ್ರ, ಹಾಗಾಗಿ ಅದನ್ನೇ ಮೊದಲು ನೋಡೋಣ. ಗಾಬರಿಯಾಗುವಂಥದ್ದೇನೂ ಇಲ್ಲ. ಲಾಭವನ್ನು ನೀವು ಮುಚ್ಚಿಟ್ಟಿಲ್ಲ, ವೈಯಕ್ತಿಕ ತೆರಿಗೆ ಬಾಕಿ ಉಳಿಸಿಲ್ಲ. ಬಾಕಿ ಇರುವುದು ಕಂಪನಿಯ ಹೆಸರಿನಲ್ಲಿ ವರ್ಷಕ್ಕೊಂದು ಸಲ್ಲಿಸಬೇಕಿದ್ದ ರಿಟರ್ನ್, ಜೊತೆಗೆ ವರ್ಷಕ್ಕೆ 800 ಡಾಲರ್.

ನಿಮ್ಮ ಗೊಂದಲಕ್ಕೆ ಕಾರಣ "ಪಾಸ್‌ಥ್ರೂ" ಅನ್ನುವ ಪದ. ಲಾಭ ಕಂಪನಿಯಲ್ಲಿ ನಿಲ್ಲದೆ ನೇರ ಮಾಲೀಕರ ರಿಟರ್ನ್‌ಗೆ ಹೋಗುತ್ತದೆ, ಆದಾಯ ತೆರಿಗೆಯನ್ನು ಮಾಲೀಕರೇ ಕಟ್ಟುತ್ತಾರೆ ಎಂಬುದಷ್ಟೇ ಅದರ ಅರ್ಥ. ಕಂಪನಿ ಯಾರಿಗೂ ಏನೂ ಕಟ್ಟಬೇಕಾಗಿಲ್ಲ ಎಂದಲ್ಲ. ಒಬ್ಬರೇ ಮಾಲೀಕರಿರುವ ಎಲ್‌ಎಲ್‌ಸಿಯನ್ನು ಫೆಡರಲ್ ಸರ್ಕಾರ ಪ್ರತ್ಯೇಕವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ರಿಟರ್ನ್‌ನಲ್ಲಿ ವ್ಯವಹಾರದ ಲಾಭ ತೋರಿಸುವ ಷೆಡ್ಯೂಲ್ ಸಿ ಅದಕ್ಕೆ ಸಾಕು. ಕ್ಯಾಲಿಫೋರ್ನಿಯಾ ಕೂಡ ಆದಾಯ ತೆರಿಗೆಯ ಮಟ್ಟಿಗೆ ಹಾಗೆಯೇ ನೋಡುತ್ತದೆ. ಆದರೆ ಎಲ್‌ಎಲ್‌ಸಿ ಎಂಬ ರೂಪದಲ್ಲಿ ವ್ಯವಹಾರ ಮಾಡುವ ಹಕ್ಕಿಗೆ ಬೇರೆಯಾಗಿ 800 ಡಾಲರ್ ವಾರ್ಷಿಕ ತೆರಿಗೆ ಕೇಳುತ್ತದೆ. ಲಾಭವಿರಲಿ ನಷ್ಟವಿರಲಿ, ಅದು ಕಟ್ಟಲೇಬೇಕಾದದ್ದು.

ಇದನ್ನು ನಿರ್ಧರಿಸುವುದು ನೋಂದಣಿ ಪತ್ರದ ಮೇಲಿರುವ ರಾಜ್ಯದ ಹೆಸರಲ್ಲ, ಕೆಲಸ ಎಲ್ಲಿ ನಡೆಯುತ್ತದೆ ಎಂಬುದು. ನೀವು ಫ್ರೀಮಾಂಟ್‌ನ ಮನೆಯಲ್ಲಿ ಕುಳಿತು ಕೋಡ್ ಬರೆಯುತ್ತೀರಿ, ಗ್ರಾಹಕರ ಜೊತೆ ಮಾತಾಡುತ್ತೀರಿ, ಇನ್‌ವಾಯ್ಸ್ ಕಳಿಸುತ್ತೀರಿ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇದಕ್ಕೆ "ರಾಜ್ಯದೊಳಗೆ ವ್ಯವಹಾರ ನಡೆಸುವುದು" ಎಂದೇ ಅರ್ಥ. ಡೆಲವೇರ್, ವ್ಯೋಮಿಂಗ್, ನೆವಾಡಾ ಯಾವುದಾದರೂ ಅಷ್ಟೆ. ಡೆಲವೇರ್ ನೋಂದಣಿಯಿಂದ ನಿಮ್ಮ ಮಟ್ಟದ ವ್ಯವಹಾರಕ್ಕೆ ಆದದ್ದು ಖರ್ಚು ಮಾತ್ರ: ಪ್ರತಿ ಜೂನ್ 1ಕ್ಕೆ ಡೆಲವೇರ್‌ಗೆ 300 ಡಾಲರ್, ಅಲ್ಲಿ ಕಂಪನಿಯ ಪರವಾಗಿ ಪತ್ರ ಸ್ವೀಕರಿಸುವ ರಿಜಿಸ್ಟರ್ಡ್ ಏಜೆಂಟರ ಶುಲ್ಕ ಬೇರೆ. ಹೊರಗಿನ ಹೂಡಿಕೆದಾರರನ್ನು ತರುವ ಕಂಪನಿಗಳಿಗೆ ಡೆಲವೇರ್ ಅನುಕೂಲ ಹೌದು. ಒಬ್ಬರೇ ನಡೆಸುವ ಕನ್ಸಲ್ಟಿಂಗ್‌ಗೆ ಅದರಿಂದ ತೆರಿಗೆಯ ಲಾಭ ಒಂದು ಡಾಲರೂ ಇಲ್ಲ.

"ಮೊದಲ ವರ್ಷ 800 ಕಟ್ಟಬೇಕಾಗಿಲ್ಲವಂತೆ" ಎಂದು ಯಾರಾದರೂ ಹೇಳಿದರೆ, ಆ ವಿನಾಯಿತಿ ಇದ್ದದ್ದು 2021ರಿಂದ 2023ರ ಕೊನೆಯವರೆಗೆ ನೋಂದಣಿಯಾದವುಗಳಿಗೆ. ನಿಮ್ಮದು 2024.

ನೋಟಿಸ್‌ಗೆ ಏನು ಮಾಡಬೇಕು

ನೋಟಿಸ್‌ನ ಮೇಲಿರುವ ಉತ್ತರದ ಕೊನೆಯ ದಿನಾಂಕವನ್ನು ಮೊದಲು ಗುರುತು ಹಾಕಿಕೊಳ್ಳಿ. ರಾಜ್ಯದಲ್ಲಿ ನೋಂದಣಿಯಾಗದ ಹೊರರಾಜ್ಯದ ಎಲ್‌ಎಲ್‌ಸಿ ಇಂಥ ಬೇಡಿಕೆ ನೋಟಿಸ್ ಬಂದ 60 ದಿನದೊಳಗೆ ರಿಟರ್ನ್ ಸಲ್ಲಿಸದಿದ್ದರೆ ಒಂದೊಂದು ವರ್ಷಕ್ಕೂ 2,000 ಡಾಲರ್ ದಂಡ ಬೀಳಬಹುದು. 800ರ ಬಾಕಿ ಹೀಗೆ ಸುಮ್ಮನೆ ಕೂತಿದ್ದಕ್ಕೇ ಬೆಳೆಯುತ್ತದೆ. ತಾವಾಗಿ ಮುಂದೆ ಬಂದು ಬಾಕಿ ಒಪ್ಪಿಕೊಳ್ಳುವವರಿಗೆ ದಂಡ ಬಿಡುವ ಒಂದು ಯೋಜನೆಯೂ ಇಲಾಖೆಯಲ್ಲಿದೆ, ಆದರೆ ಇಲಾಖೆಯೇ ಮೊದಲು ಪತ್ರ ಬರೆದ ಮೇಲೆ ಅದಕ್ಕೆ ಸೇರಲಾಗದು. ಇದನ್ನು ಓದುತ್ತಿರುವವರಲ್ಲಿ ನಿಮ್ಮದೇ ಸ್ಥಿತಿಯಲ್ಲಿದ್ದು ಇನ್ನೂ ನೋಟಿಸ್ ಬಾರದವರಿದ್ದರೆ ಈ ಮಾತನ್ನು ಗಮನಿಸಿ.

2024ಕ್ಕೂ 2025ಕ್ಕೂ ಫಾರ್ಮ್ 568 ಸಲ್ಲಿಸಿ. ಎಲ್‌ಎಲ್‌ಸಿಯ ಕ್ಯಾಲಿಫೋರ್ನಿಯಾ ರಿಟರ್ನ್ ಇದೇ. ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದ ಕಂಪನಿ ನೋಂದಣಿ ಕಚೇರಿ) ಕೊಡುವ ಸಂಖ್ಯೆ ಇನ್ನೂ ಇಲ್ಲವೆಂದು ಕಾಯಬೇಡಿ, ಫೆಡರಲ್ ತೆರಿಗೆ ಇಲಾಖೆ (ಐಆರ್‌ಎಸ್) ಕೊಟ್ಟ ಕಂಪನಿಯ ಗುರುತಿನ ಸಂಖ್ಯೆ ಇಐಎನ್ ಹಾಕಿ ಕಳಿಸಿ. 800 ಡಾಲರ್ ಕಟ್ಟುವುದು ಫಾರ್ಮ್ 3522ರ ಜೊತೆ, ಇಲ್ಲವೇ ಆನ್‌ಲೈನ್‌ನಲ್ಲಿ ವೆಬ್ ಪೇ ಮೂಲಕ. ತಪ್ಪುಗಳು ಹೆಚ್ಚಾಗಿ ಆಗುವುದು ವೆಬ್ ಪೇನಲ್ಲೇ: ಬಿಸಿನೆಸ್ ಬದಲು ಪರ್ಸನಲ್ ಎಂದು ಒತ್ತುತ್ತಾರೆ, ಇಲ್ಲವೇ ವರ್ಷ ತಪ್ಪಾಗಿ ಆರಿಸುತ್ತಾರೆ. ಹಣ ನಿಮ್ಮ ಖಾತೆಯಿಂದ ಹೋಗಿರುತ್ತದೆ, ಎಲ್‌ಎಲ್‌ಸಿಯ ಬಾಕಿ ಹಾಗೇ ಇರುತ್ತದೆ, ಬಡ್ಡಿ ಓಡುತ್ತಿರುತ್ತದೆ. ಒಂದೊಂದು ವರ್ಷಕ್ಕೂ ಬೇರೆ ಬೇರೆಯಾಗಿ ಕಟ್ಟಿ, ಒಂದೊಂದರ ದೃಢೀಕರಣ ಸಂಖ್ಯೆಯನ್ನೂ ಉಳಿಸಿಕೊಳ್ಳಿ.

ಇದರ ಗಡುವನ್ನೂ ಜನ ತಪ್ಪು ತಿಳಿಯುತ್ತಾರೆ. 800 ಡಾಲರ್ ವರ್ಷ ಮುಗಿದ ಮೇಲಲ್ಲ, ವರ್ಷ ಶುರುವಾದ ನಾಲ್ಕನೇ ತಿಂಗಳ 15ಕ್ಕೆ ಕಟ್ಟುವಂಥದ್ದು. ಮಾರ್ಚ್‌ನಲ್ಲಿ ಹುಟ್ಟಿದ ನಿಮ್ಮ ಎಲ್‌ಎಲ್‌ಸಿಗೆ ಮೊದಲ ಕಂತಿನ ಗಡುವು 2024ರ ಜೂನ್ ಮಧ್ಯ. 2025ರದು ಆ ವರ್ಷದ ಏಪ್ರಿಲ್ 15ಕ್ಕೇ ಇತ್ತು. 2026ರದು 2026ರ ಏಪ್ರಿಲ್ 15ಕ್ಕೆ. ಅಂದರೆ ಹಿಂದಿನ ಎರಡು ವರ್ಷದ 1,600ರ ಜೊತೆ ಈ ವರ್ಷದ 800ನ್ನೂ ಲೆಕ್ಕದಲ್ಲಿಡಿ. ಹಿಂದಿನದಕ್ಕೆ ತಡವಾದ ದಂಡ, ಬಡ್ಡಿ ಸೇರುತ್ತದೆ. ವೈಯಕ್ತಿಕ ತೆರಿಗೆದಾರರಿಗೆ ಒಮ್ಮೆ ಸಿಗುವ ದಂಡ ಮನ್ನಾ ಎಲ್‌ಎಲ್‌ಸಿಗೆ ಸಿಗುವುದಿಲ್ಲ. ಸಮಂಜಸ ಕಾರಣವಿದ್ದರೆ ದಂಡ ಕಟ್ಟಿ, ಆಮೇಲೆ ಫಾರ್ಮ್ 2924ರಲ್ಲಿ ವಾಪಸ್ ಕೇಳಬಹುದು. "ಗೊತ್ತಿರಲಿಲ್ಲ" ಎಂಬುದೊಂದೇ ಸಮಂಜಸ ಕಾರಣವಾಗದು.

ಜೊತೆಗೆ ಸೆಕ್ರೆಟರಿ ಆಫ್ ಸ್ಟೇಟ್‌ನಲ್ಲಿ ಫಾರ್ಮ್ ಎಲ್‌ಎಲ್‌ಸಿ‑5 ಸಲ್ಲಿಸಿ ಡೆಲವೇರ್ ಎಲ್‌ಎಲ್‌ಸಿಯನ್ನು ಇಲ್ಲಿ ನೋಂದಾಯಿಸಬೇಕು. ಶುಲ್ಕ 70 ಡಾಲರ್. ಡೆಲವೇರ್‌ನಿಂದ ತಂದ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ ಲಗತ್ತಿಸಬೇಕು. ಡೆಲವೇರ್‌ನ 300 ಬಾಕಿಯಿದ್ದರೆ ಆ ಪ್ರಮಾಣಪತ್ರ ಸಿಗುವುದಿಲ್ಲ, ಹಾಗಾಗಿ ಅದನ್ನು ಮೊದಲು ತೀರಿಸಿ. ನೋಂದಣಿಯಾದ 90 ದಿನದೊಳಗೆ ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್ ಎಂಬ ವಿವರ ಪತ್ರ ಸಲ್ಲಿಸಬೇಕು, ಶುಲ್ಕ 20 ಡಾಲರ್. ಆಮೇಲೆ ಎರಡು ವರ್ಷಕ್ಕೊಮ್ಮೆ. ಇದನ್ನು ಬರೀ ಔಪಚಾರಿಕತೆ ಎಂದುಕೊಳ್ಳಬೇಡಿ. ನೋಂದಣಿಯಿಲ್ಲದ ಹೊರರಾಜ್ಯದ ಎಲ್‌ಎಲ್‌ಸಿ ಕ್ಯಾಲಿಫೋರ್ನಿಯಾದ ಕೋರ್ಟ್‌ನಲ್ಲಿ ದಾವೆ ನಡೆಸಲಾಗದು. ಸ್ಯಾನ್ ಹೋಸೆಯ ಗ್ರಾಹಕರು ನಾಳೆ 40,000 ಡಾಲರ್ ಬಿಲ್ ತಡೆಹಿಡಿದರೆ ವಸೂಲಿಗೆ ನಿಮ್ಮ ಕೈ ಕಟ್ಟಿದಂತಾಗುತ್ತದೆ.

ಫಾರ್ಮ್ 568 ತುಂಬುವಾಗ ಒಂದು ಕಡೆ ನಿಧಾನಿಸಿ. 800ರ ಮೇಲೆ, ಎಲ್‌ಎಲ್‌ಸಿಯ ಒಟ್ಟು ಆದಾಯ ನೋಡಿ ಇನ್ನೊಂದು ಶುಲ್ಕವಿದೆ: 2,50,000ದಿಂದ 5 ಲಕ್ಷದೊಳಗೆ 900 ಡಾಲರ್, 5 ಲಕ್ಷದಿಂದ 10 ಲಕ್ಷದೊಳಗೆ 2,500, 10 ಲಕ್ಷದಿಂದ 50 ಲಕ್ಷದೊಳಗೆ 6,000, ಅದಕ್ಕೂ ಮೇಲೆ 11,790. ಇದು ಲಾಭದ ಮೇಲಲ್ಲ, ಖರ್ಚು ಕಳೆಯುವ ಮೊದಲಿನ ಮೊತ್ತದ ಮೇಲೆ. ಮೈಸೂರಿನವರಿಗೆ ಕೊಟ್ಟ ಹಣವನ್ನು ಇಲ್ಲಿ ಕಳೆಯುವಂತಿಲ್ಲ. ನಿಮ್ಮದು 2,62,000, ಹಾಗಾದರೆ 900 ಕಟ್ಟಬೇಕೇ? ಬೇಡ. ಕಾನೂನು ಕೇಳುವುದು ಕ್ಯಾಲಿಫೋರ್ನಿಯಾಕ್ಕೆ ಸೇರುವ ಆದಾಯವನ್ನಷ್ಟೇ. ಸೇವೆಯ ಆದಾಯ ಯಾವ ರಾಜ್ಯಕ್ಕೆ ಸೇರಬೇಕೆಂಬುದನ್ನು ಗ್ರಾಹಕರಿಗೆ ಅದರ ಪ್ರಯೋಜನ ಸಿಕ್ಕಿದ್ದು ಎಲ್ಲಿ ಎಂದು ನೋಡಿ ತೀರ್ಮಾನಿಸುತ್ತಾರೆ. ಡಲ್ಲಾಸ್, ನ್ಯೂಯಾರ್ಕ್‌ನ 1,02,000 ಹೊರಗುಳಿದರೆ ಉಳಿಯುವುದು 1,60,000. ಮಿತಿಗಿಂತ ಕೆಳಗೆ, ಶುಲ್ಕ ಸೊನ್ನೆ. ತೆರಿಗೆ ಸಾಫ್ಟ್‌ವೇರ್ ಷೆಡ್ಯೂಲ್ ಸಿಯ ಪೂರ್ತಿ ಮೊತ್ತವನ್ನೇ ಷೆಡ್ಯೂಲ್ ಐಡಬ್ಲ್ಯು ಎಂಬ ಲೆಕ್ಕಪಟ್ಟಿಗೆ ಎಳೆದುಕೊಂಡು 900 ತೋರಿಸಿದರೆ ಕೈಯಾರೆ ತಿದ್ದಿ; ಯಾವ ಗ್ರಾಹಕರಿಂದ ಎಷ್ಟು ಎಂಬ ಪಟ್ಟಿ ಮಾಡಿಟ್ಟುಕೊಳ್ಳಿ. ಮುಂದೆ ಮಿತಿ ದಾಟುವ ವರ್ಷ ಬಂದರೆ ಈ ಶುಲ್ಕವನ್ನು ಆ ವರ್ಷದ ಜೂನ್ 15ರೊಳಗೆ ಅಂದಾಜಿನ ಮೇಲೆ ಫಾರ್ಮ್ 3536ರಲ್ಲಿ ಕಟ್ಟಬೇಕು. ಕಡಿಮೆ ಬಿದ್ದ ಭಾಗಕ್ಕೆ ಶೇ 10 ದಂಡ. ಹಿಂದಿನ ವರ್ಷದ ಶುಲ್ಕದಷ್ಟು ಕಟ್ಟಿದ್ದರೆ ದಂಡವಿಲ್ಲ.

ಆದರೆ ಈ ವಿಂಗಡಣೆ ಎಲ್‌ಎಲ್‌ಸಿ ಶುಲ್ಕಕ್ಕೆ ಮಾತ್ರ. ನಿಮ್ಮ ವೈಯಕ್ತಿಕ ಆದಾಯ ತೆರಿಗೆಗೆ ಅಲ್ಲ. ಕ್ಯಾಲಿಫೋರ್ನಿಯಾ ನಿವಾಸಿಯಾಗಿರುವವರೆಗೂ ಡಲ್ಲಾಸ್‌ನಿಂದ ಬಂದ ಹಣಕ್ಕೂ ಇಲ್ಲಿ ಪೂರ್ತಿ ತೆರಿಗೆ. ನ್ಯೂಯಾರ್ಕ್‌ನ ಗ್ರಾಹಕರಿಗೆ ಫ್ರೀಮಾಂಟ್‌ನಿಂದಲೇ ಕೆಲಸ ಮಾಡಿಕೊಟ್ಟರೆ ನ್ಯೂಯಾರ್ಕ್ ನಿಮ್ಮನ್ನು ಕೇಳುವುದಿಲ್ಲ. ಅಲ್ಲಿಗೇ ಹೋಗಿ ಕುಳಿತು ಮಾಡಿದ ದಿನಗಳ ಪಾಲಿಗೆ ಕೇಳಬಹುದು. ಆಗ ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಷೆಡ್ಯೂಲ್ ಎಸ್‌ನಲ್ಲಿ ಕ್ರೆಡಿಟ್, ಅಂದರೆ ತೆರಿಗೆಯಲ್ಲೇ ಕಡಿತ ಸಿಗುತ್ತದೆ. ಮೈಸೂರಿನ ಇಬ್ಬರಿಗೂ, ವಿದೇಶಿಯರೆಂದು ದೃಢೀಕರಿಸುವ ಡಬ್ಲ್ಯು‑8ಬೆನ್ ಫಾರ್ಮ್ ಕಳಿಸಿ ಸಹಿ ಹಾಕಿಸಿ ಫೈಲ್‌ನಲ್ಲಿಡಿ. ಭಾರತದಲ್ಲೇ ಕುಳಿತು ಮಾಡಿದ ಕೆಲಸಕ್ಕೆ 1099 (ಕೊಟ್ಟ ಹಣದ ವರದಿ) ಬೇಕಾಗಿಲ್ಲ.

ಎಸ್‑ಕಾರ್ಪ್: ನಿಮ್ಮ ಅಂಕಿಗಳಲ್ಲೇ ನೋಡೋಣ

ಸ್ನೇಹಿತರು ಹೇಳಿದ್ದು ಸುಳ್ಳಲ್ಲ, ಅರ್ಧ ಲೆಕ್ಕ ಮಾತ್ರ. ಎಸ್‑ಕಾರ್ಪ್ ಎಂದರೆ ಎಲ್‌ಎಲ್‌ಸಿ ಆಯ್ದುಕೊಳ್ಳಬಹುದಾದ ಇನ್ನೊಂದು ತೆರಿಗೆ ರೀತಿ: ಲಾಭ ಮಾಲೀಕರ ರಿಟರ್ನ್‌ಗೇ ಹೋಗುತ್ತದೆ, ಆದರೆ ಕೆಲಸ ಮಾಡುವ ಮಾಲೀಕರು ಕಂಪನಿಯಿಂದ ಸಂಬಳ ತೆಗೆದುಕೊಳ್ಳಬೇಕು. ಈಗ ನಿಮ್ಮ 1,50,000 ಲಾಭದ ಮೇಲೆ ಫೆಡರಲ್ ಸ್ವ‑ಉದ್ಯೋಗ ತೆರಿಗೆ ಬೀಳುತ್ತದೆ: ಲಾಭದ ಶೇ 92.35ರ ಮೇಲೆ ಶೇ 15.3, ಅಂದರೆ 21,194 ಡಾಲರ್. ಎಸ್‑ಕಾರ್ಪ್ ಆದರೆ ನೀವೇ ನಿಮ್ಮ ಕಂಪನಿಯ ನೌಕರರು. 90,000 ಸಂಬಳ ತೆಗೆದುಕೊಂಡಿರಿ ಎನ್ನೋಣ. ಅದರ ಮೇಲೆ ಕಂಪನಿ, ನೌಕರರು ಎರಡೂ ಕಡೆಯ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆ ಸೇರಿ 13,770. ಉಳಿದ ಲಾಭಕ್ಕೆ ಈ ತೆರಿಗೆಯಿಲ್ಲ. ವ್ಯತ್ಯಾಸ 7,424. ಇಬ್ಬರ ದುಡಿಮೆ ಸೇರಿ 2,50,000 ದಾಟುವುದರಿಂದ ಬೀಳುವ ಹೆಚ್ಚುವರಿ ಮೆಡಿಕೇರ್ ಶೇ 0.9ರಲ್ಲೂ ಸುಮಾರು 440 ಉಳಿಯುತ್ತದೆ. ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಮುಂದುವರಿಸಿ. ಪಾಸ್‌ಥ್ರೂ ಲಾಭಕ್ಕೆ ಫೆಡರಲ್‌ನಲ್ಲಿ ಶೇ 20 ಕ್ಯುಬಿಐ (ಅರ್ಹ ವ್ಯವಹಾರ ಆದಾಯ) ಕಡಿತವಿದೆ. ಜಂಟಿ ರಿಟರ್ನ್‌ನ ತೆರಿಗೆಗೊಳಪಡುವ ಆದಾಯ 2025ರಲ್ಲಿ 3,94,600 ಮೀರದಿದ್ದರೆ ಕನ್ಸಲ್ಟಿಂಗ್‌ನವರಿಗೂ ಅದು ಪೂರ್ತಿ ಸಿಗುತ್ತದೆ. ನೀವು ಆ ಮಿತಿಯೊಳಗೇ ಇದ್ದೀರಿ. ಈಗ ನಿಮಗೆ ಸಿಗುವ ಕಡಿತ ಸುಮಾರು 27,900. ಆದರೆ ಸಂಬಳಕ್ಕೆ ಕ್ಯುಬಿಐ ಇಲ್ಲ. ಎಸ್‑ಕಾರ್ಪ್‌ನಲ್ಲಿ ಸಂಬಳ, ಕಂಪನಿ ಕಡೆಯ 6,885 ಕಳೆದು ಉಳಿಯುವ ಸುಮಾರು 53,000ಕ್ಕೆ ಮಾತ್ರ ಲೆಕ್ಕ, ಕಡಿತ 10,600. ಶೇ 24ರ ಹಂತದಲ್ಲಿ ಇದರಿಂದಲೇ ಸುಮಾರು 4,150 ಡಾಲರ್ ಕೈಬಿಡುತ್ತದೆ. ಸ್ವ‑ಉದ್ಯೋಗ ತೆರಿಗೆಯ ಅರ್ಧವನ್ನು ಆದಾಯದಿಂದ ಕಳೆಯಲು ಸಿಗುತ್ತಿದ್ದದ್ದು ಕಡಿಮೆಯಾಗಿ ಫೆಡರಲ್, ರಾಜ್ಯ ಎರಡೂ ಸೇರಿ 1,240ರಷ್ಟು ಹೋಗುತ್ತದೆ. ಇನ್ನು ಕ್ಯಾಲಿಫೋರ್ನಿಯಾದ ಪಾಲು: ಸಂಬಳವಾದ ಕೂಡಲೇ ಎಸ್‌ಡಿಐ (ರಾಜ್ಯದ ಅಶಕ್ತತೆ ವಿಮೆ) ಬೀಳುತ್ತದೆ. 2024ರಿಂದ ಅದಕ್ಕೆ ಸಂಬಳದ ಮಿತಿಯೇ ಇಲ್ಲ. 2025ರ ದರ ಶೇ 1.2, ಅಂದರೆ 1,080. ರಾಜ್ಯ, ಫೆಡರಲ್ ನಿರುದ್ಯೋಗ ತೆರಿಗೆಗಳು ಸೇರಿ ಇನ್ನೊಂದು 350ರಿಂದ 400. ಎಲ್ಲ ಕಳೆದ ಮೇಲೆ ಉಳಿತಾಯ ಸುಮಾರು 1,000 ಡಾಲರ್.

ಆ 1,000ದಲ್ಲಿ ನೀವು ಪೇರೋಲ್ ಸೇವೆಗೆ ಕೊಡಬೇಕು. ಫೆಡರಲ್ 1120‑ಎಸ್, ಕ್ಯಾಲಿಫೋರ್ನಿಯಾ 100ಎಸ್ ಎಂಬ ಎರಡು ಹೊಸ ರಿಟರ್ನ್‌ಗಳನ್ನು ಮಾರ್ಚ್ 15ರೊಳಗೆ ಮಾಡಿಸಬೇಕು. ಮೂರು ತಿಂಗಳಿಗೊಮ್ಮೆ 941, ಡಿಇ 9 ಎಂಬ ಸಂಬಳ ತೆರಿಗೆ ವರದಿಗಳನ್ನು ಸಲ್ಲಿಸಬೇಕು. ಫ್ರೀಮಾಂಟ್ ಇರುವ ಬೇ ಏರಿಯಾದಲ್ಲಿ ಇದೆಲ್ಲ ವರ್ಷಕ್ಕೆ 2,000 ಡಾಲರ್ ಒಳಗೆ ಮುಗಿಯುವುದು ಕಷ್ಟ. ಕ್ಯಾಲಿಫೋರ್ನಿಯಾ ಎಸ್‑ಕಾರ್ಪ್ ಲಾಭದ ಮೇಲೆ ಶೇ 1.5 ತೆರಿಗೆ ಬೇರೆ ಹಾಕುತ್ತದೆ, ಕನಿಷ್ಠ 800. 53,000ಕ್ಕೆ 795 ಬರುತ್ತದೆ, ಕನಿಷ್ಠ 800 ಕಟ್ಟುತ್ತೀರಿ. ಎಲ್‌ಎಲ್‌ಸಿಯ 800ರ ಜಾಗದಲ್ಲಿ ಇದು, ಹಾಗಾಗಿ ಇದೊಂದರಲ್ಲಿ ನಿಮಗೆ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಒಟ್ಟಾರೆ ಈಗಿನ ನಿಮ್ಮ ಅಂಕಿಗಳಿಗೆ ಎಸ್‑ಕಾರ್ಪ್ ಬೇಡ ಎಂದೇ ಹೇಳುತ್ತೇನೆ.

ಸಂಬಳವನ್ನು 90,000ದ ಬದಲು 30,000 ತೋರಿಸಿದರೆ ಉಳಿತಾಯ ಹೆಚ್ಚುತ್ತದಲ್ಲ ಎನ್ನುವವರಿದ್ದಾರೆ. ಅಪಾಯ ಇರುವುದು ಅಲ್ಲೇ. ಅದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟು ಸಂಬಳ ತೋರಿಸಬೇಕು. ತೀರಾ ಕಡಿಮೆ ಇದ್ದರೆ ಐಆರ್‌ಎಸ್ ನೀವು ಲಾಭವೆಂದು ತೆಗೆದುಕೊಂಡದ್ದನ್ನೂ ಸಂಬಳವೆಂದು ಬದಲಿಸಿ ತೆರಿಗೆ, ದಂಡ ಹಾಕುತ್ತದೆ. ಕ್ಯಾಲಿಫೋರ್ನಿಯಾದ ಉದ್ಯೋಗ ಇಲಾಖೆ ಇಡಿಡಿಯೂ ಹಾಗೆ ಮಾಡಬಹುದು.

ಲೆಕ್ಕ ತಿರುಗುವ ಸಂದರ್ಭವೂ ಇದೆ. ಇಬ್ಬರ ತೆರಿಗೆಗೊಳಪಡುವ ಆದಾಯ ಬೆಳೆದು 2025ರ ಲೆಕ್ಕದಲ್ಲಿ 4,94,600 ದಾಟಿದರೆ ಕನ್ಸಲ್ಟಿಂಗ್‌ಗೆ ಕ್ಯುಬಿಐ ಪೂರ್ತಿ ಹೋಗುತ್ತದೆ. ಆಗ ಆ 4,150ರ ನಷ್ಟದ ಪ್ರಶ್ನೆಯೇ ಇರುವುದಿಲ್ಲ. ಎಸ್‑ಕಾರ್ಪ್ ನಿಜಕ್ಕೂ ಉಳಿಸುತ್ತದೆ. ಆ ವರ್ಷ ಬಂದರೆ ಮಾರ್ಚ್ 15ರೊಳಗೆ ಎಸ್‑ಕಾರ್ಪ್ ಆಯ್ಕೆಯ ಫಾರ್ಮ್ 2553 ಕೊಟ್ಟರಾಯಿತು. ಫೆಡರಲ್ ಆಯ್ಕೆಯನ್ನು ಕ್ಯಾಲಿಫೋರ್ನಿಯಾ ತಾನಾಗಿಯೇ ಒಪ್ಪುತ್ತದೆ. ಕ್ಯುಬಿಐ ಕಡಿತ ರಾಜ್ಯದಲ್ಲೂ ಸಿಗುತ್ತದೆಂದು ಮಾತ್ರ ನಂಬಬೇಡಿ. ಕ್ಯಾಲಿಫೋರ್ನಿಯಾ ಅದನ್ನು ಒಪ್ಪಿಲ್ಲ, ನಿಮ್ಮ ಪೂರ್ತಿ ಲಾಭಕ್ಕೂ ಇಲ್ಲಿ ಶೇ 9.3ರ ಹಂತದ ತೆರಿಗೆ. ಯಂತ್ರ, ಲ್ಯಾಪ್‌ಟಾಪ್‌ಗಳ ಬೆಲೆಯನ್ನು ಮೊದಲ ವರ್ಷವೇ ಖರ್ಚಾಗಿ ಕಳೆಯುವ ಬೋನಸ್ ಸವಕಳಿಯನ್ನೂ ಈ ರಾಜ್ಯ ಒಪ್ಪುವುದಿಲ್ಲ.

ಅಪ್ಪನ ಪಾಲು

ಆಸೆ ಒಳ್ಳೆಯದೇ, ಆದರೆ ದಯವಿಟ್ಟು ಈ ದಾರಿ ಬೇಡ. ಎಸ್‑ಕಾರ್ಪ್‌ನಲ್ಲಿ ಅಮೆರಿಕದ ತೆರಿಗೆ ನಿವಾಸಿಯಲ್ಲದ ವಿದೇಶಿಯರು ಪಾಲುದಾರರಾಗಿರುವಂತೆಯೇ ಇಲ್ಲ; ಶೇ 5 ಅಲ್ಲ, ಒಂದೇ ಒಂದು ಷೇರು ಇದ್ದರೂ ಎಸ್‑ಕಾರ್ಪ್ ಸ್ಥಾನ ರದ್ದಾಗಿ ಸಾಮಾನ್ಯ ಕಾರ್ಪೊರೇಷನ್ ತೆರಿಗೆಗೆ ಬೀಳುತ್ತೀರಿ. ಎಲ್‌ಎಲ್‌ಸಿಯಾಗಿಯೇ ಉಳಿಸಿ ಪಾಲು ಕೊಟ್ಟರೆ ಅದು ಪಾಲುದಾರಿಕೆಯಾಗುತ್ತದೆ: ಫೆಡರಲ್ 1065 ರಿಟರ್ನ್ ಬೇಕು, 568ರ ಗಡುವು ಏಪ್ರಿಲ್‌ನಿಂದ ಮಾರ್ಚ್ 15ಕ್ಕೆ ಬರುತ್ತದೆ, ಅಪ್ಪನ ಲಾಭದ ಪಾಲಿನ ಮೇಲೆ ಫೆಡರಲ್‌ಗೆ ಶೇ 37, ಕ್ಯಾಲಿಫೋರ್ನಿಯಾಕ್ಕೆ ಶೇ 12.3 ಮೊದಲೇ ಹಿಡಿದು ಕಟ್ಟಬೇಕು. ಹೆಚ್ಚಾದದ್ದನ್ನು ವಾಪಸ್ ಪಡೆಯಲು ಅವರು ಮೈಸೂರಿನಲ್ಲಿ ಕೂತು ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಮಾಡಿಸಿ ಇಲ್ಲಿನ ರಿಟರ್ನ್ ಹಾಕಬೇಕು. ತೆರಿಗೆ ಕಟ್ಟಿದ ನಿಮ್ಮ ಹಣದಿಂದ ಅಪ್ಪನಿಗೆ ಉಡುಗೊರೆಯಾಗಿ ಕಳಿಸಿ. ಮಗಳು ತಂದೆಗೆ ಕೊಟ್ಟದ್ದಕ್ಕೆ ಭಾರತದಲ್ಲಿ ಅವರಿಗೆ ತೆರಿಗೆಯಿಲ್ಲ. ಇಲ್ಲಿ 2025ರಲ್ಲಿ 19,000 ಡಾಲರ್‌ವರೆಗೆ ನಿಮಗೆ ಉಡುಗೊರೆ ರಿಟರ್ನ್ ಕೂಡ ಬೇಕಾಗಿಲ್ಲ.

ಇದೇ ನಿಯಮ ಇನ್ನೊಂದು ಕಡೆ ಕಾಡುತ್ತದೆ. ಗ್ರೀನ್ ಕಾರ್ಡ್ ಇಲ್ಲದೆ ಎಸ್‑ಕಾರ್ಪ್ ನಡೆಸುತ್ತಿರುವವರು ಬೆಂಗಳೂರಿಗೆ ವಾಪಸಾಗಿ ತೆರಿಗೆ ನಿವಾಸಿ ಸ್ಥಾನ ಕಳೆದುಕೊಂಡರೆ ಅಂದೇ ಎಸ್‑ಕಾರ್ಪ್ ಮುಗಿಯುತ್ತದೆ. ವಾಪಸ್ ಹೋಗುವ ಯೋಚನೆಯಿರುವವರು ಮೊದಲೇ ಅದನ್ನು ಮುಚ್ಚುವ ಕ್ರಮ ನೋಡಬೇಕು.

ಪಿಟಿಇ ತೆರಿಗೆ ಯಾರಿಗೆ

ರಾಜ್ಯ, ಸ್ಥಳೀಯ ತೆರಿಗೆಗಳನ್ನು ಫೆಡರಲ್ ರಿಟರ್ನ್‌ನಲ್ಲಿ ಕಳೆಯಲು 2018ರಿಂದ 10,000 ಡಾಲರ್ ಮಿತಿ ಬಂತು. ಕಂಪನಿಯೇ ಮಾಲೀಕರ ಪರವಾಗಿ ರಾಜ್ಯ ತೆರಿಗೆ ಕಟ್ಟಿದರೆ ಅದು ವ್ಯವಹಾರದ ಖರ್ಚು, ಅದಕ್ಕೆ ಈ ಮಿತಿಯಿಲ್ಲ ಎಂದು ಐಆರ್‌ಎಸ್ 2020ರ ನವೆಂಬರ್‌ನಲ್ಲಿ ಒಪ್ಪಿತು. ಕ್ಯಾಲಿಫೋರ್ನಿಯಾ 2021ರಿಂದ ಶೇ 9.3ರ ಐಚ್ಛಿಕ ಪಿಟಿಇ (ಪಾಸ್‌ಥ್ರೂ ಎಂಟಿಟಿ) ತೆರಿಗೆ ತಂದಿತು. ಕಂಪನಿ ಕಟ್ಟುತ್ತದೆ, ಮಾಲೀಕರಿಗೆ ಅಷ್ಟೇ ಕ್ರೆಡಿಟ್ ಸಿಗುತ್ತದೆ. 2025ಕ್ಕೆ ಮುಗಿಯಬೇಕಿದ್ದ ಇದನ್ನು ಈಗ 2030ರವರೆಗೆ ವಿಸ್ತರಿಸಿದ್ದಾರೆ.

ಈಗಿರುವ ನಿಮ್ಮ ಎಲ್‌ಎಲ್‌ಸಿಗೆ ಇದು ಸಿಗುವುದೇ ಇಲ್ಲ. ಒಬ್ಬರೇ ಮಾಲೀಕರಿರುವ, ಲೆಕ್ಕಕ್ಕೆ ಹಿಡಿಯದ ಎಲ್‌ಎಲ್‌ಸಿ ಈ ಆಯ್ಕೆ ಮಾಡುವಂತಿಲ್ಲ. ಪಾಲುದಾರಿಕೆ ಅಥವಾ ಎಸ್‑ಕಾರ್ಪ್ ಆಗಬೇಕು. ಇದಕ್ಕಾಗಿಯೇ ಎಸ್‑ಕಾರ್ಪ್ ಮಾಡಿದರೆ ಹೇಗೆ? 53,000ದ ಶೇ 9.3, ಅಂದರೆ 4,930 ಕಂಪನಿಯಿಂದ ಕಟ್ಟುತ್ತೀರಿ. ಆದರೆ 2025ರಿಂದ ಆ 10,000ದ ಮಿತಿ 40,000ಕ್ಕೆ ಏರಿದೆ. ನಿಮ್ಮಿಬ್ಬರ ರಾಜ್ಯ ಆದಾಯ ತೆರಿಗೆ 24,000ದಿಂದ 25,000, ಯಜಮಾನರ ಸಂಬಳದಲ್ಲಿ ಕಡಿತವಾಗುವ ಎಸ್‌ಡಿಐ 2,760, ಮನೆಯ ಆಸ್ತಿ ತೆರಿಗೆ 11,000 ಎಂದಿಟ್ಟುಕೊಂಡರೂ ಎಲ್ಲ ಸೇರಿ 38,000 ಆಸುಪಾಸು. ಅಷ್ಟನ್ನೂ ಈಗಲೇ ಕಳೆಯಲು ಸಿಗುತ್ತಿದೆ. ಪಿಟಿಇ ಹೊಸದಾಗಿ ಏನೂ ಕೊಡುವುದಿಲ್ಲ. ಬದಲಿಗೆ ಕಂಪನಿಯ ಲಾಭ ತಗ್ಗಿ ಕ್ಯುಬಿಐ ಕಡಿಮೆಯಾಗಿ ಸುಮಾರು 240 ಡಾಲರ್ ನಷ್ಟವೇ ಆಗುತ್ತದೆ.

ಇದೇ ಆದಾಯದ, ಆದರೆ ಬಾಡಿಗೆ ಮನೆಯಲ್ಲಿರುವ ದಂಪತಿಗೆ ಉತ್ತರ ಬೇರೆ. ಅವರು ಹೆಚ್ಚಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬ ನಿಗದಿತ ಕಡಿತವನ್ನೇ (2025ರಲ್ಲಿ 31,500) ತೆಗೆದುಕೊಳ್ಳುತ್ತಾರೆ, ರಾಜ್ಯ ತೆರಿಗೆ ಪ್ರತ್ಯೇಕವಾಗಿ ಕಳೆಯುವುದೇ ಇಲ್ಲ. ಅವರದು ಈಗಾಗಲೇ ಎಸ್‑ಕಾರ್ಪ್ ಆಗಿದ್ದರೆ ಅದೇ 4,930ರಿಂದ ಸುಮಾರು 950 ಡಾಲರ್ ಉಳಿಯುತ್ತದೆ. 2025ರ ಲೆಕ್ಕದಲ್ಲಿ ಒಟ್ಟು ಆದಾಯ 5 ಲಕ್ಷ ದಾಟಿದವರಿಗೆ 40,000ದ ಮಿತಿ ಕುಗ್ಗುತ್ತ ಹೋಗಿ 6 ಲಕ್ಷಕ್ಕೆ ಮತ್ತೆ 10,000ಕ್ಕೆ ಇಳಿಯುತ್ತದೆ; ಪಿಟಿಇ ನಿಜವಾಗಿ ಅಂಥವರಿಗೇ. 2030ರಲ್ಲಿ ಮಿತಿ ಎಲ್ಲರಿಗೂ 10,000ಕ್ಕೆ ಮರಳುತ್ತದೆ, ಆಗ ಈ ಲೆಕ್ಕವನ್ನು ಮತ್ತೆ ಹಾಕಬೇಕು. ಆಯ್ದುಕೊಳ್ಳುವವರು ಜೂನ್ 15ರ ಮುಂಗಡ ಮರೆಯಬಾರದು: 1,000 ಡಾಲರ್ ಅಥವಾ ಹಿಂದಿನ ವರ್ಷದ ಪಿಟಿಇಯ ಅರ್ಧ, ಯಾವುದು ಹೆಚ್ಚೋ ಅದು. 2025ರವರೆಗೆ ಇದನ್ನು ತಪ್ಪಿಸಿದರೆ ಆ ವರ್ಷದ ಆಯ್ಕೆಯೇ ಹೋಗುತ್ತಿತ್ತು. 2026ರಿಂದ ಆಯ್ಕೆ ಉಳಿಯುತ್ತದೆ, ಕಡಿಮೆ ಕಟ್ಟಿದ ಮೊತ್ತದ ಶೇ 12.5ರಷ್ಟು ಕ್ರೆಡಿಟ್ ಕಡಿತವಾಗುತ್ತದೆ. ಬಳಸದೆ ಉಳಿದ ಕ್ರೆಡಿಟ್ ಐದು ವರ್ಷ ಮುಂದೆ ಹೋಗುತ್ತದೆ, ಹಣವಾಗಿ ವಾಪಸ್ ಬರುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ಇದೇ ಬಗೆಯ ಬೈಟ್ ತೆರಿಗೆಯಲ್ಲಿ ಕ್ರೆಡಿಟ್ ವಾಪಸ್ ಸಿಗುತ್ತದೆ. ಅಲ್ಲಿನ ಎಡಿಸನ್‌ನಲ್ಲಿರುವ ನೆಂಟರು ಹೇಳಿದ್ದನ್ನು ಹಾಗೇ ಇಲ್ಲಿಗೆ ಅನ್ವಯಿಸಬೇಡಿ.

ಟೆಕ್ಸಸ್

ಟೆಕ್ಸಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಸ್ಯಾನ್ ಹೋಸೆಯ ಗ್ರಾಹಕರು ನಿಮ್ಮ ಜೊತೆಗೇ ಇರುವವರೆಗೆ ಕ್ಯಾಲಿಫೋರ್ನಿಯಾವೂ ಇರುತ್ತದೆ. ನಿವಾಸಿಯಲ್ಲದವರ ಸೇವಾ ಆದಾಯವನ್ನೂ ಈ ರಾಜ್ಯ ಗ್ರಾಹಕರಿಗೆ ಪ್ರಯೋಜನ ಸಿಕ್ಕ ಜಾಗದ ಮೇಲೆಯೇ ಅಳೆಯುತ್ತದೆ. ಅರಿಜೋನಾದಲ್ಲಿ ಕುಳಿತು ಕ್ಯಾಲಿಫೋರ್ನಿಯಾದ ಕಂಪನಿಗಳಿಗೆ ಚಿತ್ರಕಥೆ ಬರೆದುಕೊಡುತ್ತಿದ್ದ ಲೇಖಕರೊಬ್ಬರ ಪ್ರಕರಣದಲ್ಲಿ ರಾಜ್ಯದ ತೆರಿಗೆ ಮೇಲ್ಮನವಿ ಕಚೇರಿ 2019ರಲ್ಲಿ ಹೀಗೆಯೇ ತೀರ್ಪು ಕೊಟ್ಟಿತು. ನಿಮ್ಮ ಅಂಕಿಯಲ್ಲಿ 2,62,000ದಲ್ಲಿ 1,60,000 ಅಂದರೆ ಶೇ 61; ಲಾಭದಲ್ಲಿ ಸುಮಾರು 91,600 ಡಾಲರ್ ಕ್ಯಾಲಿಫೋರ್ನಿಯಾ ಮೂಲದ ಆದಾಯ. ಅದಕ್ಕೆ ನಿವಾಸಿಯಲ್ಲದವರ 540ಎನ್‌ಆರ್ ರಿಟರ್ನ್ ಬೇಕು. ಅದರಲ್ಲಿ ದರ ನಿರ್ಧಾರವಾಗುವುದು ನಿಮ್ಮಿಬ್ಬರ ಒಟ್ಟು ಆದಾಯದ ಮೇಲೆ, ಆದ್ದರಿಂದ 91,600ಕ್ಕೆ ಕೆಳಹಂತದ ದರ ಸಿಗುತ್ತದೆ ಎಂದುಕೊಳ್ಳಬೇಡಿ.

ಎಲ್‌ಎಲ್‌ಸಿಯ 800ಕ್ಕೂ ಇದೇ ಉತ್ತರ. ಮಾರಾಟದ ಶೇ 25ಕ್ಕಿಂತ ಹೆಚ್ಚು ಕ್ಯಾಲಿಫೋರ್ನಿಯಾದ್ದಾದರೆ ಕಂಪನಿ ಇಲ್ಲಿ ವ್ಯವಹಾರ ನಡೆಸುತ್ತಿದೆ ಎಂದೇ ಲೆಕ್ಕ, ನಿಮ್ಮದು ಶೇ 61.

ಇಲ್ಲಿ ನಿಮಗೆ ನೆರವಾಗುವುದು ದಾಖಲೆ. ಸ್ಯಾನ್ ಹೋಸೆ ಕಂಪನಿ ನಿಮ್ಮ ವಿಶ್ಲೇಷಣೆಯನ್ನು ಬಳಸುವುದು ತನ್ನ ಅರಿಜೋನಾ ಗೋದಾಮಿಗಾದರೆ ಪ್ರಯೋಜನ ಸಿಕ್ಕ ಜಾಗ ಅರಿಜೋನಾ. ಬಿಲ್‌ನ ವಿಳಾಸ ನೋಡಿ ಸುಮ್ಮನಾಗದೆ, ಒಪ್ಪಂದದ ಕೆಲಸದ ವಿವರಣೆಯಲ್ಲಿ ಯಾವ ಘಟಕಕ್ಕೆ ಯಾವ ಕೆಲಸ ಎಂದು ಬರೆಸಿಕೊಳ್ಳಿ. ತೆರಿಗೆ ಕಚೇರಿ ಕೇಳುವಾಗ ಹೊಸದಾಗಿ ಬರೆದ ಪತ್ರಕ್ಕೆ ತೂಕವಿಲ್ಲ. ಕೆಲಸ ಶುರುವಾದಾಗಿನ ಒಪ್ಪಂದಕ್ಕೆ ಇದೆ.

ಟೆಕ್ಸಸ್ ಕಡೆ ಡೆಲವೇರ್ ಎಲ್‌ಎಲ್‌ಸಿ ನೋಂದಣಿಗೆ 750 ಡಾಲರ್, ಹೊಸ ಟೆಕ್ಸಸ್ ಎಲ್‌ಎಲ್‌ಸಿ ತೆರೆಯಲು 300. ಅಲ್ಲಿನ ಫ್ರಾಂಚೈಸ್ ತೆರಿಗೆ 2025ರಲ್ಲಿ 24,70,000 ಡಾಲರ್ ಒಳಗಿನ ವಹಿವಾಟಿಗೆ ಇರಲಿಲ್ಲ, ನೀವು ಅದರ ಹತ್ತಿರವೂ ಇಲ್ಲ. ಪ್ರತಿ ಮೇ 15ಕ್ಕೆ ಮಾಹಿತಿ ವರದಿ ಮಾತ್ರ ಸಲ್ಲಿಸಬೇಕು.

ನೀವೊಬ್ಬರೇ ಮೊದಲು ಹೋಗಿ, ಯಜಮಾನರು ಕೆಲಸಕ್ಕಾಗಿ ಫ್ರೀಮಾಂಟ್‌ನಲ್ಲೇ ಉಳಿಯುವುದಾದರೆ ಇನ್ನೊಂದು ವಿಷಯವಿದೆ. ಎರಡೂ ರಾಜ್ಯಗಳಲ್ಲಿ ಗಂಡ ಹೆಂಡತಿಯ ದುಡಿಮೆ ಇಬ್ಬರಿಗೂ ಅರ್ಧರ್ಧ ಸೇರಿದ್ದು ಎಂಬ ಕಾನೂನಿದೆ. ಟೆಕ್ಸಸ್‌ನಲ್ಲಿ ನೀವು ಗಳಿಸಿದ್ದರಲ್ಲಿ ಅರ್ಧ ಯಜಮಾನರದು, ಅವರು ಕ್ಯಾಲಿಫೋರ್ನಿಯಾ ನಿವಾಸಿ. ಆ ಅರ್ಧಕ್ಕೆ ಇಲ್ಲಿ ತೆರಿಗೆ. ಇಬ್ಬರೂ ಹೋದ ಮೇಲೂ ಯಜಮಾನರಿಗೆ ಆರ್‌ಎಸ್‌ಯು (ಸಂಬಳದ ಜೊತೆ ಕಂಪನಿ ಕೊಡುವ ಷೇರು) ಇದ್ದರೆ ಅದರಲ್ಲಿ ಇಲ್ಲಿ ದುಡಿದ ದಿನಗಳ ಪಾಲು ಇಲ್ಲಿಗೇ ಸೇರುತ್ತದೆ.

ಎಲ್‌ಎಲ್‌ಸಿ ಇಟ್ಟುಕೊಳ್ಳಬೇಕೇ?

ನೀವು ಇದನ್ನು ಕೇಳಿಲ್ಲ, ಆದರೂ ಕೇಳಿಕೊಳ್ಳಬೇಕಾದ್ದು. ಎಲ್‌ಎಲ್‌ಸಿ ಇಲ್ಲದೆ ಸ್ವಂತ ಹೆಸರಿನಲ್ಲಿ ಇದೇ ಕೆಲಸ ಮಾಡಿದರೆ 800 ಇಲ್ಲ, ಡೆಲವೇರ್‌ನ 300 ಇಲ್ಲ, ಫಾರ್ಮ್ 568 ಇಲ್ಲ. ಆದಾಯ ತೆರಿಗೆ ಒಂದು ಡಾಲರೂ ಬದಲಾಗದು. ಕಳೆದುಕೊಳ್ಳುವುದು ಕಂಪನಿಯ ಸಾಲ, ದಾವೆಗಳಿಂದ ಮನೆ ಉಳಿತಾಯಗಳಿಗಿರುವ ರಕ್ಷಣೆ. ಕನ್ಸಲ್ಟಿಂಗ್‌ನಲ್ಲಿ ನಿಮ್ಮ ಸ್ವಂತ ಕೆಲಸದ ತಪ್ಪಿಗೆ ಎಲ್‌ಎಲ್‌ಸಿ ಹೇಗೂ ಪೂರ್ತಿ ಕಾಪಾಡದು. ಅದಕ್ಕೆ ವೃತ್ತಿ ಹೊಣೆಗಾರಿಕೆ ವಿಮೆಯೇ ಬೇಕು. ಗ್ರಾಹಕರ ಒಪ್ಪಂದ ಕಂಪನಿಯನ್ನೇ ಕೇಳುತ್ತಿದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ, ಅದರಲ್ಲೂ ಟೆಕ್ಸಸ್ ಯೋಚನೆ ಗಟ್ಟಿಯಾದರೆ, ಹಳೆಯ ಬಾಕಿ ತೀರಿಸಿ ಮುಚ್ಚುವುದು ಒಳ್ಳೆಯದೆಂದು ನನಗನಿಸುತ್ತದೆ. ಮುಚ್ಚುವಾಗ ಕೊನೆಯ ಫಾರ್ಮ್ 568ರಲ್ಲಿ "ಅಂತಿಮ" ಎಂಬ ಚೌಕಕ್ಕೆ ಗುರುತು ಹಾಕಿ, ಅದಾದ 12 ತಿಂಗಳೊಳಗೆ ಸೆಕ್ರೆಟರಿ ಆಫ್ ಸ್ಟೇಟ್‌ನಲ್ಲಿ ರದ್ದತಿ ಸಲ್ಲಿಸಿ, ಡೆಲವೇರ್‌ನಲ್ಲೂ ರದ್ದು ಮಾಡಿ. ಬರೀ ಕೆಲಸ ನಿಲ್ಲಿಸಿದರೆ ಸಾಲದು. ರದ್ದತಿ ದಾಖಲಾಗುವವರೆಗೆ ಪ್ರತಿ ವರ್ಷದ 800 ಹತ್ತುತ್ತಲೇ ಇರುತ್ತದೆ.

ಕೊನೆಗೆ, ಮುಂಗಡ ಕಂತುಗಳ ವಿಷಯ. ಫೆಡರಲ್‌ನದು ನಾಲ್ಕು ಸಮ ಕಂತು. ಕ್ಯಾಲಿಫೋರ್ನಿಯಾದ್ದು ಹಾಗಲ್ಲ: ಏಪ್ರಿಲ್ 15ಕ್ಕೆ ಶೇ 30, ಜೂನ್ 15ಕ್ಕೆ ಶೇ 40, ಸೆಪ್ಟೆಂಬರ್‌ನಲ್ಲಿ ಏನೂ ಇಲ್ಲ, ಜನವರಿ 15ಕ್ಕೆ ಶೇ 30. ಕಾಲು ಕಾಲು ಭಾಗವೆಂದು ಕಟ್ಟಿದವರಿಗೆ ಜೂನ್‌ನಲ್ಲಿ ಕಡಿಮೆ ಬಿದ್ದು ದಂಡ ಬರುತ್ತದೆ. ಕಂತಿನ ತಲೆಬಿಸಿಯೇ ಬೇಡವೆಂದರೆ ಯಜಮಾನರು ಆಫೀಸಿನಲ್ಲಿ ಡಿಇ 4 ಫಾರ್ಮ್ ಬದಲಿಸಿ ಸಂಬಳದಿಂದ ಹೆಚ್ಚು ರಾಜ್ಯ ತೆರಿಗೆ ಹಿಡಿಸಲಿ. ಸಂಬಳದಲ್ಲಿ ಹಿಡಿದದ್ದನ್ನು ವರ್ಷವಿಡೀ ಸಮನಾಗಿ ಕಟ್ಟಿದಂತೆ ಪರಿಗಣಿಸುತ್ತಾರೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಹೆಚ್ಚಿಸಿದರೂ ಸರಿಯೇ.